ಓಲೆ ಮಾಡಿದವರ ಹೆಸರೇನು?

ಮುಂದೆ ಓದುವ ಮೊದಲು ನಿಮ್ಮ ಕಿವಿಯ ಓಲೆಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳಿ. ಅದನ್ನು ಯಾವ ಅಂಗಡಿಯಿಂದ ತಂದಿರಿ ಎಂದು ಕೇಳಿದರೆ ತಟ್ಟನೆ ಹೇಳುತ್ತೀರಿ. ಆ ಅಂಗಡಿಯ ಜಾಹೀರಾತಿನಲ್ಲಿ ನಗುವ ನಟಿಯ ಹೆಸರೂ ನಿಮಗೆ ಗೊತ್ತು. ಆದರೆ ಆ ಓಲೆಯನ್ನು ಮಾಡಿದವರ ಹೆಸರೇನು? ಬೆಂಕಿಯ ಮುಂದೆ ಕುಳಿತು ಅದರ ಕೊಂಡಿಯನ್ನು ಬೆಸೆದವರು ಯಾರು? ನನಗೂ ಗೊತ್ತಿರಲಿಲ್ಲ. ತಿಳಿದುಕೊಳ್ಳಬೇಕೆಂದು ಅನಿಸಿದ್ದೂ ಇಲ್ಲ. ಮಗಳ ಮದುವೆಯ ಸಮಯದಲ್ಲಿ ನಡೆದ ಒಂದು ಸಂಗತಿ ನನಗೆ ಈ ಪ್ರಶ್ನೆಯನ್ನು ಕಲಿಸಿತು.

ಹೆಸರಿಲ್ಲದ ಸಣ್ಣ ಅಂಗಡಿಗಳೆಂದರೆ ನನಗೆ ಭಯ. ಅದಕ್ಕೆ ಕಾರಣವೂ ಇತ್ತು. 2009ರಲ್ಲಿ, ಟೀಚರ್ ಕೆಲಸದ ಸಂಬಳದಲ್ಲಿ ಉಳಿಸಿ, ಪರಿಚಯದವರು ತೋರಿಸಿದ ಒಂದು ಅಂಗಡಿಯಲ್ಲಿ ಎರಡು ಪವನಿನ, ಅಂದರೆ 16 ಗ್ರಾಮಿನ ಬಳೆ ಕೊಂಡಿದ್ದೆ. "ಇದು ಕೆಡಿಎಂ, ಕಣ್ಣು ಮುಚ್ಚಿ ತೆಗೆದುಕೊಳ್ಳಿ" ಎಂದರು. ನಾನು ನಿಜವಾಗಿಯೂ ಕಣ್ಣು ಮುಚ್ಚಿಯೇ ತೆಗೆದುಕೊಂಡೆ. ಬಿಲ್ಲಿನ ಬದಲು ಒಂದು ತುಂಡು ಚೀಟಿ ಸಿಕ್ಕಿತು. ಹತ್ತು ವರ್ಷದ ನಂತರ ಮನೆಯವರ ಆಪರೇಷನ್‌ಗೆ ಹಣ ಬೇಕಾಗಿ ಮಾರಲು ಹೋದಾಗ ಅದರಲ್ಲಿ ಚಿನ್ನ ಇದ್ದದ್ದು ಶೇಕಡಾ 80 ಮಾತ್ರ. 22 ಕ್ಯಾರೆಟ್ ಎಂದರೆ ಶೇಕಡಾ 91.6 ಇರಬೇಕು. ಲೆಕ್ಕ ಹಾಕಿದರೆ ಸುಮಾರು ಎರಡು ಗ್ರಾಂ ಆಭರಣದ ಚಿನ್ನಕ್ಕೆ ನಾನು ಸುಮ್ಮನೆ ಹಣ ಕೊಟ್ಟಿದ್ದೆ. ಕೆಡಿಎಂ ಎಂಬುದು ಶುದ್ಧತೆಯ ಗುರುತೇ ಅಲ್ಲ, ಕ್ಯಾಡ್ಮಿಯಂ ಬೆರೆಸಿ ಬೆಸುಗೆ ಹಾಕುವ ಒಂದು ವಿಧಾನ, ಅದರ ಹೊಗೆ ಕೆಲಸಗಾರರ ಶ್ವಾಸಕೋಶಕ್ಕೆ ಹಾನಿಕರ ಎಂಬುದೆಲ್ಲ ನನಗೆ ಆಮೇಲೆ ತಿಳಿಯಿತು. ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಆ ದಿನ ಅತ್ತದ್ದು ಈಗಲೂ ನೆನಪಿದೆ. ಇನ್ನು ಮುಂದೆ ದೊಡ್ಡ ಹೆಸರಿನ ಅಂಗಡಿಗೆ ಮಾತ್ರ ಹೋಗುವುದೆಂದು ನಿರ್ಧರಿಸಿದೆ.

ಮಗಳ ಮದುವೆ ನಿಶ್ಚಯವಾದಾಗ ನನ್ನ ಉಮ್ಮ ತಮ್ಮ ಪೆಟ್ಟಿಗೆಯಿಂದ ಒಂದು ಬಟ್ಟೆಯ ಗಂಟು ತೆಗೆದು ಕೊಟ್ಟರು. ಅದರಲ್ಲಿ ಹದಿನಾಲ್ಕು ಅಲಿಕತ್ ಇದ್ದವು. ಕರಾವಳಿಯ ಬ್ಯಾರಿ ಮನೆಗಳಲ್ಲಿ ಹಿರಿಯ ಹೆಂಗಸರ ಕಿವಿಯ ಅಂಚಿನಲ್ಲಿ ಸಾಲಾಗಿ ತೂಗುತ್ತಿದ್ದ ಆ ಆಭರಣವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಒಂದೊಂದು ಕಿವಿಗೆ ಏಳು ತೂತು. ಈಗಿನ ಹುಡುಗಿಯರು ಅಷ್ಟು ತೂತು ಚುಚ್ಚಿಸಿಕೊಳ್ಳುತ್ತಾರೆಯೇ? "ಮೊಮ್ಮಗಳು ಹಾಕಿಕೊಳ್ಳುವ ಹಾಗೆ ಏನಾದರೂ ಮಾಡಿಸು" ಎಂದರು ಉಮ್ಮ.

ನನ್ನ ನಿರ್ಧಾರದಂತೆ ದೊಡ್ಡ ಶೋರೂಮಿಗೆ ಹೋದೆ. ಎಸಿ, ಜ್ಯೂಸು, ಮೆತ್ತನೆಯ ಕುರ್ಚಿ ಎಲ್ಲ ಇತ್ತು. ಹದಿನಾಲ್ಕನ್ನೂ ಒಟ್ಟಿಗೆ ತಕ್ಕಡಿಗೆ ಸುರಿದರು. 18 ಗ್ರಾಂ. ಶೇಕಡಾ 78 ಎಂದು ಲೆಕ್ಕ ಹಿಡಿದು, "ಮೇಡಂ, ಇದಕ್ಕೆ ಡಿಸೈನ್ ವ್ಯಾಲ್ಯೂ ಏನೂ ಇಲ್ಲ, ಕರಗಿಸುವುದೇ" ಎಂದರು. ಬದಲಿಗೆ ತೋರಿಸಿದ ಕಲ್ಲಿನ ನೆಕ್ಲೇಸಿಗೆ ವೇಸ್ಟೇಜ್ ಶೇಕಡಾ 18. ನಾನು ಒಪ್ಪಿಕೊಳ್ಳುವುದರಲ್ಲಿದ್ದೆ. ಪಕ್ಕದಲ್ಲಿ ಕುಳಿತಿದ್ದ ಮಗಳು ಒಂದು ಅಲಿಕತ್ತನ್ನು ಬೆರಳಿನಲ್ಲಿ ಹಿಡಿದು, "ಉಮ್ಮ, ಇದನ್ನು ಯಾರು ಮಾಡಿದ್ದು?" ಎಂದು ಕೇಳಿದಳು. ನಾನು ಉತ್ತರಿಸಲಿಲ್ಲ. ಗಂಟು ಕಟ್ಟಿಕೊಂಡು ಎದ್ದು ಬಂದೆವು.

ಮರುವಾರ ಶಾಲೆಯಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಕೈಯ ಬಳೆ ಕಣ್ಣಿಗೆ ಬಿತ್ತು. ಹನ್ನೆರಡು ವರ್ಷ ದಿನವೂ ತೊಟ್ಟರೂ ತಿರುಪು ಸಡಿಲವಾಗಿಲ್ಲ. ಎಲ್ಲಿ ಮಾಡಿಸಿದ್ದೆಂದು ಕೇಳಿದೆ. ಹೀಗೆ ಪೇಟೆಯ ಹಿಂದಿನ ಒಂದು ಓಣಿಯ ಆಚಾರ್ರ ಬಾಗಿಲಿಗೆ ಹೋದೆವು. ಬೋರ್ಡು ಇಲ್ಲ. ಒಂದು ಮಣೆ, ಊದುಕೊಳವೆ, ಮೂಸೆ, ಚಿಮುಟ, ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಇಷ್ಟೇ.

ಅವರು ಹದಿನಾಲ್ಕನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಒರೆಗಲ್ಲಿಗೆ ಉಜ್ಜಿ, "ಇಪ್ಪತ್ತು ಕ್ಯಾರೆಟಿನ ಹತ್ತಿರ ಇದೆ ಟೀಚರೇ" ಎಂದರು. ನಂತರ ಹೇಳಿದ ಮಾತು ನನ್ನ ಭಯವನ್ನು ಅರ್ಧ ಇಳಿಸಿತು. "ಇದನ್ನು ಸೇರಿಸಿ ಸರ ಮಾಡಿದರೆ 916ರ ಮುದ್ರೆ ಸಿಗಲಿಕ್ಕಿಲ್ಲ. ಹಾಗೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೊಂಡಿ ಸವೆದ ಆರನ್ನು ಮಾರಿಬಿಡಿ. ಹೊಸ ಚಿನ್ನದಲ್ಲಿ ಸರ ಬೇರೆ ಮಾಡುವಾ, ಅದಕ್ಕೆ ಮುದ್ರೆ ಹಾಕಿಸುವಾ. ಒಳ್ಳೆಯ ಎಂಟನ್ನು ಕೊಕ್ಕೆಯಲ್ಲಿ ತೂಗಿಸುವಾ. ಬೇಕಾದಾಗ ತೆಗೆಯಬಹುದು."

ಆದರೂ ಒಮ್ಮೆ ಸುಟ್ಟುಕೊಂಡ ಕೈ ಅಲ್ಲವೇ? ಪರೀಕ್ಷೆ ಮಾಡಿಸದೆ ಬಿಡಬಾರದೆಂದುಕೊಂಡೆ. ಇಲ್ಲಿಂದ ಮುಂದಿನದನ್ನು ದಯವಿಟ್ಟು ಗಮನವಿಟ್ಟು ಓದಿ, ಏಕೆಂದರೆ ಇದು ನಿಮ್ಮ ಹಣದ ಪ್ರಶ್ನೆ.

ಭಾರತೀಯ ಮಾನಕ ಸಂಸ್ಥೆ, ಅಂದರೆ ಬಿಐಎಸ್, ಚಿನ್ನಕ್ಕೆ ಹಾಲ್‌ಮಾರ್ಕ್ ಹಾಕಿಸುವ ವ್ಯವಸ್ಥೆಯನ್ನು ಆರಂಭಿಸಿದ್ದು 2000ದಲ್ಲಿ. ಆಗ ಅದು ಅಂಗಡಿಯವರ ಇಷ್ಟಕ್ಕೆ ಬಿಟ್ಟದ್ದಾಗಿತ್ತು. 2021ರ ಜೂನ್‌ನಿಂದ ಮೊದಲ ಹಂತದಲ್ಲಿ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಇರುವ ಆಭರಣಕ್ಕೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯೂ ಇರಲೇಬೇಕು. ಆಭರಣದ ಮೇಲೆ ಮೂರು ಗುರುತು ನೋಡಿ: ಬಿಐಎಸ್‌ನ ತ್ರಿಕೋನ ಚಿಹ್ನೆ, 22ಕೆ916 ಎಂಬಂತೆ ಶುದ್ಧತೆ, ಮತ್ತು ಆ ಆರರ ಸಂಖ್ಯೆ. ಮೊಬೈಲಿನಲ್ಲಿ 'ಬಿಐಎಸ್ ಕೇರ್' ಆ್ಯಪ್ ಹಾಕಿಕೊಂಡು ಈ ಸಂಖ್ಯೆ ಒತ್ತಿದರೆ ಅದು ಓಲೆಯೋ ಸರವೋ, ಶುದ್ಧತೆ ಎಷ್ಟು, ಮುದ್ರೆ ಹಾಕಿಸಿದ ಅಂಗಡಿ ಯಾವುದು, ಪರೀಕ್ಷಿಸಿದ ಕೇಂದ್ರ ಯಾವುದು ಎಂಬುದೆಲ್ಲ ಬರುತ್ತದೆ. ಅಂಗಡಿಯಲ್ಲಿ ಕುಳಿತೇ ನೋಡಿ. ನಾಚಿಕೆ ಏಕೆ? ಮುದ್ರೆ ಇದ್ದೂ ಶುದ್ಧತೆ ಕಡಿಮೆ ಎಂದು ಸಾಬೀತಾದರೆ, ಕೊರತೆಯಾದ ಚಿನ್ನದ ಬೆಲೆಯ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚನ್ನು ಪರಿಹಾರವಾಗಿ ಪಡೆಯಲು 2018ರ ಬಿಐಎಸ್ ನಿಯಮಗಳಲ್ಲಿ ಅವಕಾಶವಿದೆ.

ಈ ಆರು ಅಕ್ಷರ ಏನು ಮಾಡಿತು ಗೊತ್ತೇ? ದೊಡ್ಡ ಶೋರೂಮಿಗೂ ಓಣಿಯ ಸಣ್ಣ ಅಂಗಡಿಗೂ ಶುದ್ಧತೆಯ ವಿಷಯದಲ್ಲಿ ಒಂದೇ ಸಾಕ್ಷಿ ನಿಲ್ಲುವಂತೆ ಮಾಡಿತು. ಮೊದಲು ನಾವು ನಂಬಿಕೆಗಾಗಿ ದೊಡ್ಡ ಹೆಸರಿಗೆ ಹಣ ಕೊಡುತ್ತಿದ್ದೆವು. ಈಗ ಆ ನಂಬಿಕೆ ಎರಡೂ ಕಡೆ ಒಂದೇ ಮುದ್ರೆಯಲ್ಲಿ ಸಿಗುತ್ತದೆ. ಹಾಗಿರುವಾಗ ಚಿನ್ನದ ಬೆಲೆಯ ಮೇಲೆ ನಾವು ಕೊಡುವುದು ಯಾವುದಕ್ಕೆ? ಒಂದೋ ಕೈಕೆಲಸಕ್ಕೆ, ಇಲ್ಲವೇ ಜಾಹೀರಾತಿಗೆ. ಯಾವುದಕ್ಕೆಂದು ನಾವೇ ಕೇಳಿಕೊಳ್ಳಬೇಕು.

ಒಂದು ಸಣ್ಣ ಲೆಕ್ಕ ನೋಡಿ. ಲೆಕ್ಕ ಸುಲಭವಾಗಲೆಂದು ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡು ಪವನಿನ ಸರಕ್ಕೆ 1,60,000 ರೂಪಾಯಿ. ಮಜೂರಿ ಮತ್ತು ವೇಸ್ಟೇಜ್ ಸೇರಿ ಶೇಕಡಾ 8 ಆದರೆ 12,800. ಶೇಕಡಾ 18 ಆದರೆ 28,800. ವ್ಯತ್ಯಾಸ 16,000 ರೂಪಾಯಿ, ಅಂದರೆ ಒಂದೂವರೆ ಗ್ರಾಮಿಗಿಂತ ಹೆಚ್ಚು ಚಿನ್ನ. ಇದರ ಮೇಲೆ ಶೇಕಡಾ 3 ಜಿಎಸ್‌ಟಿ ಬೇರೆ. ಮಾರುವಾಗ ಈ ಮಜೂರಿಯಲ್ಲಿ ಒಂದು ರೂಪಾಯಿಯೂ ಹಿಂದಕ್ಕೆ ಬರುವುದಿಲ್ಲ. ಕಲ್ಲಿನ ಆಭರಣವಾದರೆ ಇನ್ನೊಂದು ಅಪಾಯ. ಕಲ್ಲು ಮತ್ತು ಒಳಗೆ ತುಂಬಿದ ಅರಗು ಎರಡು ಗ್ರಾಂ ಇದ್ದು ಅದನ್ನೂ ಚಿನ್ನದ ಬೆಲೆಗೆ ತೂಗಿದರೆ 20,000 ರೂಪಾಯಿ ಹೋಯಿತು. ಆದ್ದರಿಂದ ಬಿಲ್ಲಿನಲ್ಲಿ ಒಟ್ಟು ತೂಕ, ಕಲ್ಲಿನ ತೂಕ, ನಿವ್ವಳ ಚಿನ್ನದ ತೂಕ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಅಳತೆ-ತೂಕದಲ್ಲಿ ವಂಚಿಸುವವರ ಬಗ್ಗೆ ಕುರ್‌ಆನಿನಲ್ಲಿ 'ಅಲ್ ಮುತಫ್ಫಿಫೀನ್' ಎಂಬ ಒಂದು ಅಧ್ಯಾಯವೇ ಇದೆ. ಮಕ್ಕಳಿಗೆ ಅದನ್ನು ಪಾಠ ಮಾಡುವ ನಾನು ನನ್ನದೇ ಬಿಲ್ಲನ್ನು ಓದದೆ ಬರುತ್ತಿದ್ದೆ!

ಇನ್ನು ಸಣ್ಣವರ ವಿಷಯದಲ್ಲಿ ಒಂದು ತೊಡಕನ್ನು ಮುಚ್ಚಿಡಬಾರದು. ವರ್ಷಕ್ಕೆ 40 ಲಕ್ಷ ರೂಪಾಯಿವರೆಗೆ ವಹಿವಾಟು ಇರುವವರಿಗೆ ಹಾಲ್‌ಮಾರ್ಕ್ ಕಡ್ಡಾಯದಿಂದ ವಿನಾಯಿತಿ ನೀಡಲಾಯಿತು. ಎರಡು ಗ್ರಾಮಿಗಿಂತ ಕಡಿಮೆ ತೂಕದ ಆಭರಣಕ್ಕೂ, ಕುಂದನ್, ಪೋಲ್ಕಿ, ಜಡಾವು ಕೆಲಸಕ್ಕೂ ವಿನಾಯಿತಿ. ಒಂದೊಂದು ಅಲಿಕತ್ ಎರಡು ಗ್ರಾಮಿಗಿಂತ ಕಡಿಮೆಯೇ. ಸಣ್ಣ ಮಕ್ಕಳ ಓಲೆ, ಮೂಗುತಿಯೂ ಹಾಗೆಯೇ. ಹಾಗಾದರೆ ಏನು ಮಾಡುವುದು? ಮುದ್ರೆ ಹಾಕಿಸಲು ನೋಂದಾಯಿತ ಅಂಗಡಿಯವರಿಗೆ ಮಾತ್ರ ಸಾಧ್ಯವಾದರೂ, ಪರೀಕ್ಷೆ ಮಾಡಿಸುವ ಹಕ್ಕು ನಮ್ಮೆಲ್ಲರಿಗೂ ಇದೆ. ಬಿಐಎಸ್ ಮಾನ್ಯತೆಯ ಕೇಂದ್ರಗಳಲ್ಲಿ ನಾಲ್ಕು ಆಭರಣಗಳವರೆಗೆ 200 ರೂಪಾಯಿ, ಐದು ಅಥವಾ ಅದಕ್ಕಿಂತ ಹೆಚ್ಚಾದರೆ ಒಂದಕ್ಕೆ 45 ರೂಪಾಯಿ ಎಂದು 2022ರಲ್ಲಿ ಪ್ರಕಟಿಸಲಾಗಿತ್ತು. ನಾನು ನಾಲ್ಕು ಅಲಿಕತ್ ಕೊಂಡುಹೋದೆ. ಶೇಕಡಾ 83 ಎಂದು ಬಂತು. ಇಪ್ಪತ್ತು ಕ್ಯಾರೆಟ್ ಎಂದರೆ 83.3. ಆಚಾರ್ರ ಒರೆಗಲ್ಲು ಸತ್ಯ ಹೇಳಿತ್ತು. ಶೋರೂಮಿನವರ 78 ಎಲ್ಲಿಂದ ಬಂತೋ!

ಸವೆದ ಆರನ್ನು ಮಾರಿ ಹಣ ಕೈಗೆ ಪಡೆದೆ. ನಂತರ ಆ ಹಣಕ್ಕೆ ನನ್ನ ಉಳಿತಾಯ ಸೇರಿಸಿ ಹೊಸ ಚಿನ್ನ ಕೊಂಡೆ. ಇದರಲ್ಲಿ ಒಂದು ಧಾರ್ಮಿಕ ಎಚ್ಚರವೂ ಇದೆ. ಹಳೆಯ ಚಿನ್ನ ಕೊಟ್ಟು, ತೂಕದಲ್ಲಿ ಹೆಚ್ಚು ಕಡಿಮೆ ಮಾಡಿಕೊಂಡು ಹೊಸ ಚಿನ್ನ ಪಡೆಯುವುದು ಬಡ್ಡಿಯ ಸಾಲಿಗೆ ಸೇರುತ್ತದೆಂದು ಬಹುತೇಕ ವಿದ್ವಾಂಸರು ಹೇಳುತ್ತಾರೆ. ಮೊದಲು ಮಾರಿ, ಹಣ ಪಡೆದು, ಬೇರೆಯಾಗಿ ಕೊಳ್ಳುವುದು ನೇರ ದಾರಿ. ಲೌಕಿಕವಾಗಿಯೂ ಇದರಲ್ಲಿ ಲಾಭವಿದೆ. ಎಕ್ಸ್‌ಚೇಂಜ್‌ನ ಒಂದೇ ಚೀಟಿಯಲ್ಲಿ ಮರೆಯಾಗುವ ಕಡಿತಗಳೆಲ್ಲ ಎರಡು ಬಿಲ್ಲುಗಳಲ್ಲಿ ಕಣ್ಣಿಗೆ ಕಾಣುತ್ತವೆ. ಆಚಾರ್ರ ಕೂಲಿಯನ್ನೂ ಹಣದಲ್ಲೇ ಕೊಟ್ಟೆ. ಚಿನ್ನದ ಚೂರು, ಪುಡಿಯನ್ನು ಅವರು ತೂಗಿ ಹಿಂದಕ್ಕೆ ಕೊಟ್ಟರು.

ಇಂಥವರನ್ನು ಹುಡುಕುವುದು ಹೇಗೆಂದು ನೀವು ಕೇಳಬಹುದು. ಅವರು ಜಾಹೀರಾತು ಕೊಡುವುದಿಲ್ಲ. ಹಾಗಾಗಿ ಆಭರಣದಿಂದ ಶುರು ಮಾಡಿ. ಹತ್ತು ವರ್ಷ ತೊಟ್ಟ ಬಳೆಯೋ ಸರವೋ ಇನ್ನೂ ಚೆನ್ನಾಗಿ ಕಂಡರೆ ಅದು ಯಾರ ಕೆಲಸವೆಂದು ಕೇಳಿ. ಮೊದಲ ದಿನವೇ ದೊಡ್ಡ ಕೆಲಸ ಕೊಡಬೇಡಿ. ಕೊಂಡಿ ಬೆಸೆಯುವ ಸಣ್ಣ ರಿಪೇರಿ ಕೊಟ್ಟು, ನಿಮ್ಮೆದುರೇ ತೂಗಿಸಿ, ಮರಳಿ ತರುವಾಗ ಮತ್ತೆ ತೂಗಿ. ಆಭರಣದ ಮುಂಬದಿಗಿಂತ ಹಿಂಬದಿ ನೋಡಿ. ಕೆಲಸಗಾರನ ಪ್ರಾಮಾಣಿಕತೆ ಕಾಣುವುದು ಅಲ್ಲಿಯೇ. ಬೆಸುಗೆ ಗಂಟುಗಂಟಾಗಿದೆಯೇ? ಅಂಚು ಒರಟಾಗಿದೆಯೇ? ನಿಮ್ಮ ಶಾಲಿನ ಮೇಲೆ ಮೆಲ್ಲಗೆ ಎಳೆಯಿರಿ. ನೂಲು ಸಿಕ್ಕಿಕೊಂಡರೆ ನಾಳೆ ಚರ್ಮಕ್ಕೂ ತಾಗುತ್ತದೆ. ಎಷ್ಟು ಸಮಯದಲ್ಲಿ ಕೊಡುತ್ತಾರೆ, ಕೂಲಿ ಎಷ್ಟು, ಚಿನ್ನ ಎಷ್ಟು ಕ್ಯಾರೆಟ್ ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಸ್ನೇಹ ಬೇರೆ, ಬಿಲ್ಲು ಬೇರೆ. ಬಿಲ್ಲು ಕೊಡಲು ಹಿಂಜರಿಯುವ ಕಡೆಯಿಂದ ಎದ್ದು ಬನ್ನಿ.

ಎಲ್ಲವೂ ಚಿನ್ನವೇ ಆಗಬೇಕೆಂದೂ ಇಲ್ಲ. ನಮ್ಮದೇ ಬೀದರಿನಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯ ತಂತಿ ಕೂರಿಸಿ, ಹಳೆಯ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಕಪ್ಪಾಗಿಸುವ ಬಿದ್ರಿ ಕೆಲಸದಲ್ಲಿ ಈಗ ಓಲೆ, ಪದಕಗಳೂ ಸಿಗುತ್ತವೆ. ಲೋಹ ಕಪ್ಪಾದರೂ ಬೆಳ್ಳಿ ಬೆಳ್ಳಗೇ ಹೊಳೆಯುತ್ತದೆ. ಆ ಕುಶಲಕರ್ಮಿಗಳಲ್ಲಿ ಒಬ್ಬರಾದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ದೊರೆತಾಗ ನಮ್ಮಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತಿತ್ತು? ಒಡಿಶಾದ ಕಟಕ್‌ನಲ್ಲಿಯೂ ತೆಲಂಗಾಣದ ಕರೀಂನಗರದಲ್ಲಿಯೂ ಬೆಳ್ಳಿಯ ಎಳೆಗಳಲ್ಲಿ ಜಾಲರಿಯಂಥ ಆಭರಣ ಹೆಣೆಯುವವರಿದ್ದಾರೆ. ಮಾರುವಾಗ ಚಿನ್ನದ ಬೆಲೆ ಬರದಿದ್ದರೂ ಉಡುಗೊರೆಗೆ, ಹಬ್ಬಕ್ಕೆ ಇವು ಎಷ್ಟು ಚೆಂದ!

ಮಗಳ ಸರ ಮೂರು ವಾರದಲ್ಲಿ ಸಿದ್ಧವಾಯಿತು. ಆಚಾರ್ರು ತಾವು ಕೆಲಸ ಮಾಡಿಕೊಡುವ ಒಂದು ಸಣ್ಣ ನೋಂದಾಯಿತ ಅಂಗಡಿಯ ಮೂಲಕ ಮುದ್ರೆ ಹಾಕಿಸಿ, ಬಿಲ್ಲು ಕೊಡಿಸಿದರು. ನಿಕಾಹ್‌ನ ದಿನ ಎಂಟು ಅಲಿಕತ್ ಅವಳ ಕೊರಳಲ್ಲಿ ತೂಗುತ್ತಿದ್ದವು. ಉಮ್ಮ ಹತ್ತಿರ ಕರೆದು, ಕನ್ನಡಕ ಸರಿಪಡಿಸಿಕೊಂಡು, ಒಂದೊಂದನ್ನೂ ಎಣಿಸಿದರು. ಸಂಬಂಧಿಕರು "ಯಾವ ಶೋರೂಮಿನದ್ದು?" ಎಂದು ಕೇಳಿದಾಗ ಮಗಳು ಓಣಿಯ ದಾರಿ ಹೇಳಿಕೊಡುತ್ತಿದ್ದಳು.

ಆಚಾರ್ರ ಮಗ ಈ ಕೆಲಸಕ್ಕೆ ಬರಲಿಲ್ಲವಂತೆ. "ಕೆಲಸ ಇದ್ದರಲ್ಲವೇ ಟೀಚರೇ ಬರುವುದು?" ಎಂದು ಅವರು ಕೇಳಿದ ಮಾತು ನನ್ನನ್ನು ಕಾಡುತ್ತಲೇ ಇದೆ. ನಮ್ಮ ಅಜ್ಜಿಯಂದಿರ ಕಿವಿಯನ್ನು ಸಿಂಗರಿಸಿದ ಕೈಗಳು ನಮ್ಮ ಕಾಲದಲ್ಲೇ ಖಾಲಿ ಕುಳಿತರೆ, ಅದರಲ್ಲಿ ನಮ್ಮ ಪಾಲೂ ಇಲ್ಲವೇ?

ಆ ಸರದ ಸಂಖ್ಯೆಯನ್ನು ಆ್ಯಪಿನಲ್ಲಿ ಒತ್ತಿದರೆ ಅಂಗಡಿಯ ಹೆಸರು ಬರುತ್ತದೆ, ಪರೀಕ್ಷಾ ಕೇಂದ್ರದ ಹೆಸರು ಬರುತ್ತದೆ. ಮಾಡಿದವರ ಹೆಸರು ಮಾತ್ರ ಬರುವುದಿಲ್ಲ. ಅದಕ್ಕಾಗಿ ಬಿಲ್ಲಿನ ಹಿಂಬದಿಯಲ್ಲಿ ಆಚಾರ್ರ ಹೆಸರು, ಓಣಿಯ ಗುರುತು, ತಾರೀಕು ಬರೆದು ಮಗಳ ಪೆಟ್ಟಿಗೆಯಲ್ಲಿಟ್ಟೆ. ಮುಂದೊಂದು ದಿನ ಅವಳ ಮಗಳೂ ಕೇಳಬಹುದು, "ಉಮ್ಮ, ಇದನ್ನು ಯಾರು ಮಾಡಿದ್ದು?" ಎಂದು.