ಕರ್ತೃ ಎದ್ದು ಹೋದ ಮೇಲೆ

ಎರಿಕ್ ಕ್ರಿಪ್ಕಿ ತಾವು ಹೇಳಹೊರಟಿದ್ದ ಕಥೆಯನ್ನು 2010ರ ಮೇ ತಿಂಗಳಲ್ಲೇ ಹೇಳಿ ಮುಗಿಸಿದ್ದರು. ‘ಸೂಪರ್‌ನ್ಯಾಚುರಲ್’ ಧಾರಾವಾಹಿಯನ್ನು ಅವರು ಹೆಣೆದದ್ದೇ ಐದು ಸೀಸನ್ನುಗಳ ಲೆಕ್ಕದಲ್ಲಿ. 1967ರ ಶೆವರ್ಲೆ ಇಂಪಾಲಾ ಕಾರಿನ ಡಿಕ್ಕಿಯಲ್ಲಿ ಉಪ್ಪು, ಬಂದೂಕು, ಬೆಳ್ಳಿಯ ಗುಂಡು ತುಂಬಿಕೊಂಡು ಅಮೆರಿಕದ ಊರೂರು ಅಲೆಯುತ್ತ ದೆವ್ವ ಪಿಶಾಚಿಗಳನ್ನು ಬೇಟೆಯಾಡುವ ಅಣ್ಣತಮ್ಮಂದಿರು, ಡೀನ್ ಮತ್ತು ಸ್ಯಾಮ್ ವಿಂಚೆಸ್ಟರ್. ಕೊನೆಗೆ ಅವರು ಪ್ರಳಯವನ್ನೇ ತಡೆದು ನಿಲ್ಲಿಸುತ್ತಾರೆ. ಅಲ್ಲಿಗೆ 104 ಕಂತುಗಳು. ಧಾರಾವಾಹಿಯ ಸಾರಥ್ಯವನ್ನು ಬೇರೆಯವರಿಗೆ ಒಪ್ಪಿಸಿ ಕ್ರಿಪ್ಕಿ ಹಿಂದೆ ಸರಿದರು. ಧಾರಾವಾಹಿ ಮಾತ್ರ ನಿಲ್ಲಲಿಲ್ಲ. 2020ರ ನವೆಂಬರ್‌ವರೆಗೆ, ಒಟ್ಟು ಹದಿನೈದು ಸೀಸನ್, 327 ಕಂತು ನಡೆಯಿತು. ಅಂದರೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹುಟ್ಟಿದ್ದು ಕಥೆ ಮುಗಿದ ನಂತರವೇ. ಅದನ್ನು ಅಷ್ಟು ದೂರ ಹೊತ್ತು ನಡೆದವರು ನೋಡುಗರು. ಅವರ ನಿಷ್ಠೆಯನ್ನು ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಆದರೆ ಆ ನಿಷ್ಠೆ ಬಹಳ ಎಚ್ಚರದ, ಬಹಳ ನೆನಪಿನ ಒಂದು ಓದು ಎಂದು ನಾನು ಬಲವಾಗಿ ನಂಬುತ್ತೇನೆ.

ಐದನೆಯ ಸೀಸನ್ನಿನ ಕೊನೆಯ ಕಂತನ್ನೇ ನೋಡಿ. ಕಾನ್ಸಸ್ ರಾಜ್ಯದ ಲಾರೆನ್ಸ್ ಬಳಿಯ ಒಂದು ಸ್ಮಶಾನ. ತಮ್ಮನ ಮೈಯನ್ನು ಲೂಸಿಫರ್ ಹೊಕ್ಕಿದ್ದಾನೆ. ಆ ಮೈಯ ಮುಷ್ಟಿಯೇ ಅಣ್ಣನ ಮುಖವನ್ನು ಜಜ್ಜುತ್ತಿದೆ. ಆಗ ಕಾರಿನ ಮೇಲೆ ಬಿಸಿಲು ಫಳಕ್ಕೆಂದು ಹೊಳೆಯುತ್ತದೆ. ಸ್ಯಾಮ್‌ನ ಕಣ್ಣು ಒಳಗಿನ ಆ್ಯಶ್‌ಟ್ರೇಯತ್ತ ಹೋಗುತ್ತದೆ. ಚಿಕ್ಕವನಿದ್ದಾಗ ಅವನೇ ತುರುಕಿದ್ದ, ಹೊರಗೆ ತೆಗೆಯಲಾಗದೆ ಹಾಗೇ ಉಳಿದುಹೋಗಿದ್ದ ಒಂದು ಪ್ಲಾಸ್ಟಿಕ್ ಸಿಪಾಯಿ ಅಲ್ಲಿದೆ. ಅಷ್ಟೇ. ಆ ಮೈಯೊಳಗಿನ ಸ್ಯಾಮ್ ಎಚ್ಚೆತ್ತು ಸೈತಾನನನ್ನು ಹಿಡಿದು ನಿಲ್ಲಿಸುತ್ತಾನೆ. ಮೊದಲ ಸಲ ನೋಡುವವನಿಗೆ ಇದು ಅರೆಬರೆ ತರ್ಕದ ಪವಾಡದಂತೆ ಕಂಡೀತು. ಐದು ವರ್ಷ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತವರಂತೆ ಜೊತೆಯಾಗಿ ಬಂದವರಿಗೆ ಹಾಗಲ್ಲ. ಮನೆಯೇ ಇಲ್ಲದ ಈ ಇಬ್ಬರಿಗೆ ಆ ಕಾರೇ ಮನೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೀರ್ಘ ಧಾರಾವಾಹಿಯ ಅರ್ಥ ಅರ್ಧ ತೆರೆಯ ಮೇಲೆ, ಅರ್ಧ ನೋಡುಗನ ನೆನಪಿನಲ್ಲಿ ಹುಟ್ಟುತ್ತದೆ. ಆ ಎರಡನೆಯ ಅರ್ಧವನ್ನು ಯಾವ ವಾಹಿನಿಯೂ ದುಡ್ಡು ಕೊಟ್ಟು ತಯಾರಿಸಲಾರದು.

ಈ ಮಾತು ಧಾರಾವಾಹಿಗೇ ಗೊತ್ತಿತ್ತು. ಅದನ್ನು ಬೇರೆಲ್ಲವುಗಳಿಂದ ಬೇರೆಯಾಗಿಸುವ ಗುಣ ಇದೇ. 2009ರ ಒಂದು ಕಂತಿನಲ್ಲಿ ಅಣ್ಣತಮ್ಮಂದಿರು ತಮ್ಮದೇ ಬದುಕಿನ ಕಾದಂಬರಿಗಳನ್ನು ಅಂಗಡಿಯಲ್ಲಿ ಕಾಣುತ್ತಾರೆ. ಬರೆದವನು ಚಕ್ ಎಂಬ ಕುಡುಕ ಲೇಖಕ. ಆ ಕಾದಂಬರಿಗಳಿಗೆ ಅಭಿಮಾನಿಗಳೂ ಇದ್ದಾರೆ. 2014ರ ಇನ್ನೂರನೆಯ ಕಂತಿನಲ್ಲಿ ಶಾಲೆಯ ಹುಡುಗಿಯರು ಅದೇ ಕಥೆಯನ್ನು ಸಂಗೀತ ನಾಟಕ ಮಾಡುತ್ತಿದ್ದಾರೆ, ತಮಗೆ ಬೇಕಾದಂತೆ ತಿದ್ದಿ, ತಮಗೆ ಬೇಕಾದ ಜೋಡಿಗಳನ್ನು ಸೇರಿಸಿ. ಡೀನ್‌ಗೆ ಮೊದಲು ಮುಜುಗರ, ಸಿಡುಕು. ಕೊನೆಗೆ ನಾಟಕ ನಿರ್ದೇಶಿಸುವ ಹುಡುಗಿಗೆ, ಅವಳ ಕಥೆ ಅವಳಿಗೆ, ತನ್ನದು ತನಗೆ ಎಂದು ಒಪ್ಪಿಕೊಳ್ಳುತ್ತಾನೆ. ಫ್ಯಾನ್ ಫಿಕ್ಷನ್ ಬರೆಯುವವರಿಗೆ ಇದಕ್ಕಿಂತ ದೊಡ್ಡ ಗೌರವವನ್ನು ಯಾವ ಜನಪ್ರಿಯ ಧಾರಾವಾಹಿಯೂ ಕೊಟ್ಟಂತೆ ನನಗೆ ಕಾಣುವುದಿಲ್ಲ. ಮುಂದೆ ಆ ಚಕ್ ಸಾಕ್ಷಾತ್ ದೇವರೇ ಎಂದು ಬಯಲಾಗುತ್ತದೆ. ಕೊನೆಯ ಸೀಸನ್ನಿನಲ್ಲಿ ಅವನೇ ಖಳನಾಯಕ: ತನ್ನ ಪಾತ್ರಗಳು ತಾನು ಬರೆದ ದುರಂತವನ್ನೇ ಬದುಕಬೇಕೆಂದು ಹಟ ಹಿಡಿದ ಕರ್ತೃ.

ಅಭಿಮಾನಿಗಳ ಈ ನಿಷ್ಠೆಗೆ ಬರುವ ಮೊದಲ ಆಕ್ಷೇಪ, ಹದಿನೈದು ವರ್ಷ ಅದೇ ಸರಕಲ್ಲವೇ ಎಂಬುದು. ಪ್ರತಿ ಸಲ ಒಬ್ಬ ಸಾಯುತ್ತಾನೆ, ಇನ್ನೊಬ್ಬ ಅವನನ್ನು ಉಳಿಸಲು ಲೋಕವನ್ನೇ ಪಣಕ್ಕಿಡುತ್ತಾನೆ. ಸಾವಿಗೆ ಬೆಲೆಯೇ ಉಳಿಯಲಿಲ್ಲ. ಆಕ್ಷೇಪ ಸರಿಯಾದದ್ದೇ. ನಡುವಿನ ಕೆಲವು ಸೀಸನ್ನುಗಳು ನಿಜಕ್ಕೂ ಸೊರಗಿವೆ. ಆದರೆ ಅದನ್ನು ಅಭಿಮಾನಿಗಳಿಗಿಂತ ಖಚಿತವಾಗಿ ಹೇಳಿದವರು ಯಾರು? ಹೆಂಗಸರ ಪಾತ್ರಗಳು ಗಂಡಸರ ದುಃಖಕ್ಕೆ ಇಂಧನವಾಗಿ ಸಾಯುತ್ತಲೇ ಇವೆ ಎಂದು ಮೊದಲು ಎತ್ತಿ ತೋರಿಸಿದವರಲ್ಲಿ ಅವರೂ ಇದ್ದರು. ಮೊದಲ ಕಂತಿನಲ್ಲೇ ತಾಯಿ ಮೇರಿ, ಸ್ಯಾಮ್‌ನ ಗೆಳತಿ ಜೆಸಿಕಾ, ಇಬ್ಬರೂ ಛಾವಣಿಗೆ ಅಂಟಿಕೊಂಡು ಉರಿದುಹೋಗುತ್ತಾರೆ. 2015ರ ಮೇ ತಿಂಗಳಲ್ಲಿ, ಎಲ್ಲರ ಮೆಚ್ಚಿನ ಚಾರ್ಲಿಯ ಹೆಣ ಮೋಟೆಲಿನ ಸ್ನಾನದ ತೊಟ್ಟಿಯಲ್ಲಿ ಸಿಕ್ಕಾಗ ಅಭಿಮಾನಿಗಳ ಸಿಟ್ಟು ಕಟ್ಟೆಯೊಡೆಯಿತು. ಬುದ್ಧಿವಂತೆ, ಸಲಿಂಗ ಪ್ರೇಮಿ, ತಾನೇ ಒಬ್ಬ ಅಭಿಮಾನಿಯಾಗಿದ್ದ ಹುಡುಗಿ ಆಕೆ. ಕುರುಡು ಭಕ್ತಿಗೆ ಇಷ್ಟು ಕಣ್ಣಿರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಈ ಪ್ರೀತಿ ಹದ್ದು ಮೀರಿದ್ದೂ ಉಂಟು. ಯಾವ ಪಾತ್ರಕ್ಕೆ ಯಾವುದು ಜೋಡಿ ಎಂಬ ಜಗಳದಲ್ಲಿ ಒಬ್ಬರನ್ನೊಬ್ಬರು ಹರಿದು ತಿಂದವರಿದ್ದಾರೆ; ನಟರ ಮನೆಯವರನ್ನೂ ಬಿಡದೆ ಕಾಡಿದವರಿದ್ದಾರೆ. ಅದಕ್ಕೆ ಸಮಜಾಯಿಷಿ ಇಲ್ಲ, ಕೊಡಲೂಬಾರದು. ಆದರೂ ಕೆಲವರ ಕ್ರೌರ್ಯದಿಂದ ಇಡೀ ಸಮುದಾಯವನ್ನು ಅಳೆಯುವುದು ನ್ಯಾಯವಲ್ಲ. ಸ್ಯಾಮ್‌ನ ಪಾತ್ರ ಮಾಡಿದ ಜ್ಯಾರೆಡ್ ಪಾಡಲೆಕಿ 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಬಾಯಿಬಿಟ್ಟು ಮಾತಾಡಿದರು. ಹೋರಾಡುತ್ತಲೇ ಇರಿ ಎಂಬ ಅರ್ಥದ ಅಭಿಯಾನ ನಡೆಸಿ ಟೀ ಶರ್ಟು ಮಾರಿ ಹಣ ಕೂಡಿಸಿದರು. ಚಾರ್ಲಿಯ ವಿಷಯದಲ್ಲಿ ಸಿಟ್ಟಾಗಿದ್ದ ಅದೇ ಸಮುದಾಯ ಎರಡೇ ತಿಂಗಳಿಗೆ ಸಾನ್ ಡಿಯಾಗೊ ಕಾಮಿಕ್-ಕಾನ್‌ನ ಸಭಾಂಗಣದಲ್ಲಿ ಪಾಡಲೆಕಿಯವರಿಗೆ ಹೇಳದೆ ಒಂದು ಏರ್ಪಾಡು ಮಾಡಿತು. ಸಾವಿರಾರು ಕೈಗಳಲ್ಲಿ ಬ್ಯಾಟರಿಯ ಪುಟ್ಟ ಮೇಣದಬತ್ತಿಗಳು ಒಟ್ಟಿಗೆ ಬೆಳಗಿದವು. ಕಾಸ್ಟಿಯೆಲ್ ಎಂಬ ದೇವದೂತನ ಪಾತ್ರ ಮಾಡಿದ ಮಿಶಾ ಕಾಲಿನ್ಸ್ ಕಟ್ಟಿದ ‘ರ್‍ಯಾಂಡಮ್ ಆ್ಯಕ್ಟ್ಸ್’ ಸೇವಾ ಸಂಸ್ಥೆಗೆ ಕೈಜೋಡಿಸಿದವರಲ್ಲೂ ಈ ಅಭಿಮಾನಿಗಳದೇ ದೊಡ್ಡ ಪಾಲು. ಕಥೆಯನ್ನು ಪ್ರಶ್ನಿಸುವುದೂ ಕಥೆಯ ಹೆಸರಲ್ಲಿ ಒಬ್ಬರಿಗೊಬ್ಬರು ಆಗುವುದೂ ಇವರಿಗೆ ಬೇರೆಬೇರೆ ಕೆಲಸಗಳಾಗಿರಲಿಲ್ಲ.

ಇಷ್ಟಾದರೂ ಕೊನೆಯ ಮಾತು ವಾಹಿನಿಯದೇ ಅಲ್ಲವೇ ಎಂದು ಕೇಳಬಹುದು. 2020ರ ನವೆಂಬರ್ 5ರಂದು, ಅತ್ತ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಮತ ಎಣಿಕೆ ನಡೆಯುತ್ತಿದ್ದಾಗ, ಕಾಸ್ಟಿಯೆಲ್ ಡೀನ್‌ಗೆ ತನ್ನ ಪ್ರೀತಿಯನ್ನು ಹೇಳಿಕೊಂಡ. ಆ ಪಾತ್ರ ಬಂದ 2008ರಿಂದಲೂ ಅಭಿಮಾನಿಗಳು ಇಬ್ಬರ ನಡುವೆ ಕಂಡದ್ದು, ಕಂಡಿದ್ದೇವೆಂದು ಹೇಳಿ ಬೈಸಿಕೊಂಡದ್ದು ಕಡೆಗೂ ತೆರೆಯ ಮೇಲೆ ಬಂತು. ಹೇಳಿದ ಕ್ಷಣದಲ್ಲೇ ಅವನನ್ನು ಕತ್ತಲು ನುಂಗಿತು; ಡೀನ್‌ನ ಉತ್ತರ ಬರಲೇ ಇಲ್ಲ. ಎರಡು ವಾರದ ನಂತರ ಬಂದ ಅಂತಿಮ ಕಂತಿನಲ್ಲಿ ಡೀನ್ ಕಂಬವೊಂದರ ಕಬ್ಬಿಣದ ಸರಳು ಬೆನ್ನಿಗೆ ಚುಚ್ಚಿ ಸಾಯುತ್ತಾನೆ. ಕೋವಿಡ್‌ನಿಂದಾಗಿ ಚಿತ್ರೀಕರಣ ತಿಂಗಳುಗಟ್ಟಲೆ ನಿಂತು, ಹಳೆಯ ಮುಖಗಳು ಬೆರಳೆಣಿಕೆಯಷ್ಟೇ ಉಳಿದ ಆ ಕಂತನ್ನು ಒಪ್ಪಿದವರೂ ಇದ್ದಾರೆ. ನನಗೆ ಅದು ಚಕ್ ಬರೆಯಬಹುದಾಗಿದ್ದ ಅಂತ್ಯದಂತೆಯೇ ಕಾಣುತ್ತದೆ. ಅದರ ಹಿಂದಿನ ಕಂತಿನಲ್ಲಿ ಚಕ್‌ನ ಶಕ್ತಿಯೆಲ್ಲ ಇಂಗಿ, ಅವನು ಬರಿಯ ಮನುಷ್ಯನಾಗಿ ನೆಲದಲ್ಲಿ ಉಳಿಯುತ್ತಾನೆ. ಅಣ್ಣತಮ್ಮಂದಿರು ಕಾರು ಹತ್ತಿ ಹೊರಡುತ್ತಾರೆ. ಅಭಿಮಾನಿಗಳಲ್ಲಿ ಹಲವರು ಕಥೆಯನ್ನು ಅಲ್ಲಿಗೇ ನಿಲ್ಲಿಸಿಕೊಂಡರು, ಹಲವರು ಅಲ್ಲಿಂದ ಮುಂದೆ ತಾವೇ ಬರೆದರು. ಕರ್ತೃವಿನ ಕೈಯಿಂದ ಲೇಖನಿ ಕಿತ್ತುಕೊಳ್ಳಬಹುದೆಂದು ಅವರಿಗೆ ಕಲಿಸಿದ್ದು ಆ ಧಾರಾವಾಹಿಯೇ.