ಮರಕ್ಕೆ ನುಡಿ ಬರುವುದು

ಕನ್ನಡದಲ್ಲಿ ಡೊಳ್ಳನ್ನು ಬಾರಿಸುತ್ತೇವೆ, ಕಹಳೆಯನ್ನು ಊದುತ್ತೇವೆ. ವೀಣೆ, ಕೊಳಲು, ಪೇಟಿಗಳನ್ನಾದರೋ ‘ನುಡಿಸುತ್ತೇವೆ’. ನುಡಿ ಎಂದರೆ ಮಾತು. ಜಡವಸ್ತುವಿನಿಂದ ಮಾತು ಹೊರಡಿಸುವುದೇ ವಾದನವೆಂಬ ಭಾವ ಈ ಕ್ರಿಯಾಪದದಲ್ಲಿ ಅಡಗಿದೆ. ಜೀವಮಾನವೆಲ್ಲ ಬಳಸಿದ ಈ ಪದದ ಪೂರ್ಣಾರ್ಥ ನಮಗೆ ಹೊಳೆದದ್ದು ಎಪ್ಪತ್ತು ದಾಟಿದ ಮೇಲೆ, ಮರದ ಆರ್ಗನ್ ಕೊಳವೆಗಳನ್ನು ಮಾಡತೊಡಗಿದಾಗ.

ನಾವೆಂದರೆ ಇಬ್ಬರು: ಈ ಲೇಖಕ ಮತ್ತು ಕರಕುಶಲ ಶಿಕ್ಷಕರಾಗಿ ನಿವೃತ್ತರಾದ ಒಬ್ಬ ಗೆಳೆಯರು. ಅಕ್ಕಲಕೋಟೆಯ ಭಜನಾ ಮಂಡಳಿಗಳವರು ಕೆಟ್ಟ ಪೇಟಿಗಳನ್ನು ನಮ್ಮಲ್ಲಿಗೆ ತರುತ್ತಿದ್ದರು; ಅವುಗಳ ತಿದಿಗೆ ತೇಪೆ ಹಾಕುತ್ತ, ಹಿತ್ತಾಳೆಯ ನಾಲಗೆಗಳನ್ನು ಕೆರೆದು ಶ್ರುತಿಗೊಳಿಸುತ್ತ ನಮ್ಮ ಸಂಜೆಗಳು ಕಳೆಯುತ್ತಿದ್ದವು. ಪೇಟಿಯಲ್ಲಿ ಅದುರುವುದು ಲೋಹದ ನಾಲಗೆ. ಆರ್ಗನ್ ಕೊಳವೆಯಲ್ಲಿ ಅದುರುವ ಅಂಗವೇ ಇಲ್ಲ. ಒಳಗಿನ ಗಾಳಿಯೇ ಅದುರಿ ನಾದವಾಗುತ್ತದೆ. ಸೊಲ್ಲಾಪುರದ ಗಿರಣಿಗಳ ಭೋಂಗಾ ಕೂಗಿದ್ದೂ ಹೆಚ್ಚುಕಡಿಮೆ ಇದೇ ತತ್ತ್ವದಿಂದ; ಅಲ್ಲಿ ಉಗಿ, ಇಲ್ಲಿ ಗಾಳಿ, ಅಷ್ಟೇ ಭೇದ.

ಇದು ಚರ್ಚುಗಳ ವಾದ್ಯ, ನಮ್ಮದಲ್ಲ ಎನ್ನುವವರಿಗೆ ನಾವು ಟಿಪ್ಪುವಿನ ಹುಲಿಯನ್ನು ನೆನಪಿಸುತ್ತೇವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆಂಗ್ಲರು ಒಯ್ದ ಆ ಮರದ ಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಹೊಟ್ಟೆಯೊಳಗಿರುವುದು 18 ಕೀಲಿಗಳ ಚಿಕ್ಕ ಆರ್ಗನ್. ಹುಲಿಯ ಗುರುಗುಟ್ಟುವಿಕೆಯೂ ಅದರಡಿ ಬಿದ್ದವನ ಆರ್ತನಾದವೂ ತಿದಿ ಮತ್ತು ಕೊಳವೆಗಳಿಂದಲೇ ಹೊರಡುತ್ತವೆ.

ಕೊಳವೆ ಮಾಡುವ ಕೆಲಸ ನೋಡಲು ಸರಳ. ಸೊಲ್ಲಾಪುರದಿಂದ ತಂದ ಹಳೆಯ ಸಾಗವಾನಿಯ ನಾಲ್ಕು ತೆಳು ಹಲಗೆಗಳನ್ನು ಅಂಟಿಸಿ, ಒಳಗೆ 4 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಆಳದ ಪೆಟ್ಟಿಗೆಯಂತಹ ಕೊಳವೆ ಕಟ್ಟುತ್ತೇವೆ. ಮೇಲ್ತುದಿಗೆ ಚರ್ಮ ಸುತ್ತಿದ ಬಿರಟೆ. ತುದಿ ಮುಚ್ಚಿದ ಕೊಳವೆಯು ಅಷ್ಟೇ ಉದ್ದದ ತೆರೆದ ಕೊಳವೆಗಿಂತ ಒಂದು ಸಪ್ತಕ ಕೆಳಗೆ ನುಡಿಯುತ್ತದೆ. ಆದುದರಿಂದ ಪೇಟಿಯ ಬಿಳಿ ಒಂದರ ಮಧ್ಯ ಷಡ್ಜಕ್ಕೆ ಸುಮಾರು 30 ಸೆಂಟಿಮೀಟರ್ ಸಾಕು. ಬಿರಟೆಯನ್ನು ಒಳಕ್ಕೆ ತಳ್ಳಿದರೆ ಶ್ರುತಿ ಏರುತ್ತದೆ, ಹೊರಕ್ಕೆಳೆದರೆ ಇಳಿಯುತ್ತದೆ.

ಇಷ್ಟಾದರೂ ಕೊಳವೆ ಇನ್ನೂ ಮೂಕವೇ. ನುಡಿ ಬರುವುದು ಅದರ ಬಾಯಿಂದ. ಕೆಳಗೆ ಎರಡು ಅಂಚೆ ಕಾರ್ಡು ಜೋಡಿಸಿದಷ್ಟು ಸಂದು. ಅದರಿಂದ ಗಾಳಿಯು ತೆಳುವಾದ ಹಾಳೆಯಂತೆ ಹೊರಟು ಎದುರಿನ ತುಟಿಯ ಅಂಚಿಗೆ ತಾಗಿ ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ಬಳುಕಬೇಕು. ಬಾಯಿ ತೀರ ಗಿಡ್ಡವಾಗಿದ್ದರೆ ಕೊಳವೆ ತನ್ನ ಷಡ್ಜವನ್ನು ಬಿಟ್ಟು ತಾರ ಸಪ್ತಕದ ಪಂಚಮಕ್ಕೆ ನೆಗೆಯುತ್ತದೆ. ತೀರ ಎತ್ತರವಾದರೆ ದನಿ ಮಂಕಾಗಿ ತಡವಾಗಿ ಬರುತ್ತದೆ. ಅಗಲದ ಕಾಲು ಭಾಗದಷ್ಟು ಎತ್ತರದಿಂದ ಆರಂಭಿಸಿ, ಅರದಿಂದ ಎರಡು ಸಲ ಉಜ್ಜುವುದು, ಗಾಳಿ ಬಿಟ್ಟು ಆಲಿಸುವುದು, ಮತ್ತೆ ಉಜ್ಜುವುದು. ಉಜ್ಜಿ ತೆಗೆದ ಮರವನ್ನು ಮರಳಿ ಇಡಲಾಗದು. ಗಾಳಿಯ ಒತ್ತಡವೂ ಸಮವಾಗಿರಬೇಕು. ಪಾರದರ್ಶಕ ನಳಿಕೆಯನ್ನು ಬಾಗಿಸಿ ನೀರು ತುಂಬಿ ಅಳೆಯುತ್ತೇವೆ. ಎರಡು ಬದಿಯ ನೀರಿನ ಮಟ್ಟದಲ್ಲಿ 6 ಸೆಂಟಿಮೀಟರ್ ಅಂತರ ನಮ್ಮ ಕೊಳವೆಗಳಿಗೆ ಒಗ್ಗಿದೆ.

ನಮ್ಮ ಸೀಮೆಯ ಹವೆ ಬೇರೆ ಪಾಠ ಕಲಿಸಿತು. ಸಂಕ್ರಾಂತಿಯಲ್ಲಿ, ಸಿದ್ಧರಾಮೇಶ್ವರನ ಜಾತ್ರೆಯ ನಂದಿಕೋಲುಗಳು ಹೊರಡುವ ಚಳಿಯ ದಿನಗಳಲ್ಲಿ, ಪೇಟಿಗೆ ಹೊಂದಿಸಿದ ಕೊಳವೆ ಮೇ ತಿಂಗಳಲ್ಲಿ ಪೇಟಿಯೊಡನೆ ಜಗಳಕ್ಕೆ ನಿಲ್ಲುತ್ತದೆ. ಬಿಸಿಗಾಳಿಯಲ್ಲಿ ಶಬ್ದದ ವೇಗ ಹೆಚ್ಚು; 15 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355. ಇದರಿಂದ ಕೊಳವೆಯ ಶ್ರುತಿ ಶುದ್ಧ ಷಡ್ಜದಿಂದ ಕೋಮಲ ರಿಷಭದ ಕಡೆಗೆ ಅರ್ಧದಾರಿಗೂ ಮಿಕ್ಕಿ ಏರಿಬಿಡುತ್ತದೆ. ಹಿತ್ತಾಳೆಯ ನಾಲಗೆಯಾದರೋ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಬಿರಟೆಯನ್ನು ಋತುಮಾನಕ್ಕೆ ತಕ್ಕಂತೆ ಸರಿಸುವುದೊಂದೇ ಉಪಾಯ.

ಋತುವಿಗೆ ಉಪಾಯವುಂಟು, ವಯಸ್ಸಿಗೆ ಇಲ್ಲ. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ಅತಿ ಎತ್ತರದ ಸದ್ದುಗಳನ್ನು. ಕೊಳವೆ ನುಡಿಯುವ ಮುನ್ನ ಹೊರಡುವ ಸಣ್ಣ ಸೀತ್ಕಾರ ಆ ವರ್ಗದ್ದೇ. ಗಾಳಿ ಹೊರಡುವ ಅಂಚಿನಲ್ಲಿ ಸೂಕ್ಷ್ಮ ಗೀರುಗಳನ್ನು ಕೊರೆದು ಅದನ್ನು ತಗ್ಗಿಸಬೇಕು, ಕೇಳಿಸದುದನ್ನು ತಗ್ಗಿಸುವುದೆಂತು? ನಾವಿಬ್ಬರೂ ಚೆನ್ನಾಗಿದೆಯೆಂದು ಕೆಳಗಿಟ್ಟ ಕೊಳವೆಯನ್ನು ಕೇಳಿ, ಮರಾಠಿ ಶಾಲೆಯಲ್ಲಿ ಓದುವ ನಮ್ಮ ಮೊಮ್ಮಗಳು, “ಅಜ್ಜಾ, ಸಾ ಬರೋಕಿಂತ ಮೊದ್ಲ ಇದು ‘ಉಸ್’ ಅಂತದ” ಎಂದಳು. ಅಂದಿನಿಂದ ಉಳಿ, ಅರಗಳು ನಮ್ಮವು, ಕಿವಿ ಅವಳದು.

ಅವಳು ಮನೆಯಲ್ಲಿ ಕನ್ನಡವಾಡುತ್ತಾಳೆ, ಓದುಬರಹ ಇರಲಿಲ್ಲ. ಯಾವ ಕೊಳವೆಗೆ ಎಷ್ಟು ಉಜ್ಜಿದೆವು, ಎಷ್ಟು ಗೀರಿದೆವು ಎಂದು ಬರೆದಿಡಬೇಕಾಗಿತ್ತು. ನಾವು ಕನ್ನಡದಲ್ಲೇ ಬರೆಯುವವರು. ಕೊಳವೆಗಳ ಮೇಲಿನ ಸ ರಿ ಗ ಮ ನೋಡಿ ಮೊದಲ ಅಕ್ಷರಗಳನ್ನು ಕಲಿತಳು. ಬಳಿಕ ಬಾಯಿ, ತುಟಿ, ಗಾಳಿ, ಉಸಿರು. ಇಂದು ಆ ವಹಿ ಅವಳ ಕೈಯಲ್ಲಿದೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಕರಿಹಲಗೆಯ ಮೇಲೆ ಅಕ್ಷರ ಕಲಿಸಿದ ನಮಗೆ, ಬೇಕೆಂಬ ಕಾರಣವಿದ್ದಾಗ ಅಕ್ಷರ ಎಷ್ಟು ಬೇಗ ಹತ್ತುತ್ತದೆಂಬುದು ಈ ವಯಸ್ಸಿನಲ್ಲಿ ಇನ್ನೊಮ್ಮೆ ಮನವರಿಕೆಯಾಯಿತು. ಗಡಿಯ ಮನೆಗಳಲ್ಲಿ ಕನ್ನಡ ಉಳಿಯಬೇಕಾದರೆ ಮಕ್ಕಳಿಗೆ ಅದರಿಂದ ಮಾಡುವ ಕೆಲಸವೊಂದು ಬೇಕು. ಬರಿಯ ಅಭಿಮಾನದ ಮಾತು ಸಾಲದು.

ಮಧ್ಯ ಸಪ್ತಕದ ಕೊಳವೆಗಳು ಮುಗಿದಿವೆ. ಇನ್ನು ತಾರ ಸಪ್ತಕ; ಷಡ್ಜದ ಕೊಳವೆಯೇ 15 ಸೆಂಟಿಮೀಟರಿನದು, ಅದರ ಸೀತ್ಕಾರ ಇನ್ನೂ ಎತ್ತರದ್ದು. ಅವನ್ನು ನುಡಿಸುವಾಗ ನಾವು ಅರ ಹಿಡಿದು ಅವಳ ಮುಖವನ್ನಷ್ಟೇ ನೋಡುತ್ತಿರಬೇಕಾದೀತು.