ಅಜ್ಜಿಗೊಂದು ಗೆರಟೆಯ ಚಮಚ

ಗೆರಟೆಯೆಂದರೆ ಬಚ್ಚಲೊಲೆಗೆ ಹಾಕುವ ವಸ್ತುವೆಂದೇ ನಾನು ತಿಳಿದಿದ್ದೆ. ಅದು ತಪ್ಪೆಂದು ಗೊತ್ತಾದುದು ಕಳೆದ ಮಳೆಗಾಲದಲ್ಲಿ.

ಪಕ್ಷವಾತದಿಂದ ನನ್ನ ಅಜ್ಜಿಯ ಬಲಗೈಯ ಶಕ್ತಿ ಕುಂದಿತು. ತುತ್ತು ಕಟ್ಟಲು ಆಗದಾಯಿತು. ಸ್ಟೀಲಿನ ಚಮಚದ ಹಿಡಿ ತೆಳುವಾದುದರಿಂದ ಬೆರಳುಗಳ ನಡುವೆ ನಿಲ್ಲದೆ ಜಾರುತ್ತಿತ್ತು. ಬಿಸಿ ಗಂಜಿಗೆ ಅದ್ದಿದರೆ ತುಟಿ ಸುಡುತ್ತಿತ್ತು. ಅಮ್ಮ ಉಣಿಸಲು ಹೋದರೆ ಅಜ್ಜಿ ಬಾಯಿ ಮುಚ್ಚಿ ಗೋಡೆಯ ಕಡೆಗೆ ತಿರುಗುತ್ತಿದ್ದರು. ಮನೆಮಂದಿಗೆಲ್ಲ ಬಡಿಸಿದ ಕೈ ಅದು. ಇನ್ನೊಬ್ಬರ ಕೈಯಿಂದ ಉಣ್ಣಲು ಅವರಿಗೆ ಮನಸ್ಸೇ ಬರಲಿಲ್ಲ. ದಿನದಿಂದ ದಿನಕ್ಕೆ ಸೊರಗಿದರು.

ವೃತ್ತಿಪರಿಚಯದ ತರಗತಿಯಲ್ಲಿ ನಾನು ಗೆರಟೆಯ ಹೂದಾನಿ ಮಾಡಿದ್ದೆ. ಚಮಚವನ್ನೇಕೆ ಮಾಡಬಾರದು ಎಂದು ತೋರಿತು. ಗೆರಟೆಗೆ ಬಿಸಿ ಬೇಗನೆ ಏರುವುದಿಲ್ಲವಷ್ಟೆ!

ಮೊದಲನೆಯ ಗೆರಟೆಗೆ ಮೊಳೆಯಿಟ್ಟು ಸುತ್ತಿಗೆಯಿಂದ ಹೊಡೆದೆ. ಅದು ಎರಡು ಹೋಳಾಯಿತು. ಎರಡನೆಯದಕ್ಕೆ ನೆರೆಮನೆಯ ಆಚಾರಿಯವರಿಂದ ಬೈರಿಗೆ ತಂದು ಮೆಲ್ಲನೆ ತೂತು ಕೊರೆದೆ. ಆದರೆ ಹಳೆಯ ಡಬ್ಬಿಯಲ್ಲಿದ್ದ ಕಬ್ಬಿಣದ ಬೋಲ್ಟು ಹಾಕಿದುದರಿಂದ ನಾಲ್ಕೇ ದಿನಗಳಲ್ಲಿ ತುಕ್ಕು ಹಿಡಿಯಿತು. ಗುಳಿ ಆಳವಾಗಿದ್ದ ಕಾರಣ ಗಂಜಿಯೂ ಪೂರ್ತಿ ಬಾಯಿಗೆ ಬರುತ್ತಿರಲಿಲ್ಲ. ಅಜ್ಜಿ ಅದನ್ನು ಬದಿಗಿಟ್ಟರು. ನನಗೆ ಅಳು ಬಂತು.

ಮೂರನೆಯದನ್ನು ಹೀಗೆ ಮಾಡಿದೆ. ಗೆರಟೆಯ ಕಣ್ಣುಗಳಿರುವ ಹೋಳು ಸೋರುವುದುಂಟು. ಆದ್ದರಿಂದ ಕಣ್ಣಿಲ್ಲದ ಹೋಳನ್ನು ಆರಿಸಿದೆ. ಅದರಲ್ಲಿ ಹೆಚ್ಚು ಬಾಗದ ಭಾಗಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದೆ. ಹೊರಗಿನ ನಾರನ್ನು ಗಾಜಿನ ಚೂರಿನಿಂದ ಹೆರೆದು, ಅಂಚನ್ನು ಅರದಿಂದ ಉಜ್ಜಿ, 80, 120, 400 ನಂಬರಿನ ಉಪ್ಪುಕಾಗದಗಳಿಂದ ಒಂದಾದ ಮೇಲೊಂದರಂತೆ ತಿಕ್ಕಿದೆ. ಹಿಡಿಗೆ ಹೆಬ್ಬೆರಳಿನಷ್ಟು ದಪ್ಪದ ಒಣಗಿದ ಪೇರಳೆ ಕೊಂಬೆ. ಅದರ ತುದಿಯನ್ನು ಸೀಳಿ, ಗೆರಟೆಯನ್ನು ಸಿಕ್ಕಿಸಿ, ಹಾರ್ಡ್‌ವೇರ್ ಅಂಗಡಿಯಿಂದ ತಂದ ತುಕ್ಕು ಹಿಡಿಯದ ಉಕ್ಕಿನ ಬೋಲ್ಟು, ವಾಷರು, ನಟ್ಟುಗಳಿಂದ ಬಿಗಿದೆ. ಬಾಯಿಗೆ ಹೋಗುವ ವಸ್ತುವಾದುದರಿಂದ ವಾರ್ನಿಷ್ ಬಳಿಯಲಿಲ್ಲ. ಕುದಿನೀರಿನಲ್ಲಿ ತೊಳೆದು, ಒಣಗಿಸಿ, ತೆಂಗಿನೆಣ್ಣೆ ಸವರಿದೆ.

ಅಂದು ರಾತ್ರಿ ಅಜ್ಜಿಯ ಮುಂದೆ ಗಂಜಿಯ ಬಟ್ಟಲನ್ನೂ ಚಮಚವನ್ನೂ ಇಟ್ಟು ನಾವೆಲ್ಲರೂ ಬೇರೆ ಕೆಲಸವಿರುವವರಂತೆ ಅತ್ತಿತ್ತ ಹೋದೆವು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಅವರು ಹಿಡಿಯನ್ನು ಮುಷ್ಟಿಯಲ್ಲಿ ಅದುಮಿ ಹಿಡಿದರು. ಕೈ ನಡುಗಿತು, ಸ್ವಲ್ಪ ಸೆರಗಿನ ಮೇಲೆ ಚೆಲ್ಲಿತು. ಮತ್ತೊಮ್ಮೆ ಎತ್ತಿದರು. ಗಂಜಿ ಬಾಯಿಗೆ ಹೋಯಿತು.

ಸ್ವಲ್ಪ ಹೊತ್ತಿನ ಬಳಿಕ ಒಳಗಿನಿಂದ ಧ್ವನಿ ಕೇಳಿತು: "ಇದಕ್ಕೆ ಉಪ್ಪು ಹಾಕಿದವರು ಯಾರು? ಸಾಕಾಗಲಿಲ್ಲ!"

ಅಮ್ಮ ನಗುತ್ತಾ ಉಪ್ಪಿನ ಭರಣಿಯನ್ನು ಹಿಡಿದು ಓಡಿದರು. ನಾನು ಅಂಗಳಕ್ಕೆ ಹೋಗಿ ಕಣ್ಣೊರಸಿಕೊಂಡೆ.

ಈಗ ಅಜ್ಜಿಯ ಚಮಚಕ್ಕೆ ತಿಂಗಳಿಗೊಮ್ಮೆ ಎಣ್ಣೆ ಸವರಿ, ನಟ್ಟು ಸಡಿಲವಾಗಿದೆಯೇ ಎಂದು ನೋಡುವುದು ನನ್ನ ಕೆಲಸ.